ಹದಿನಾಲ್ಕನೆಯ ಕಣ

ಪುಷ್ಯದ ಒಣಗಾಳಿ. ಜಾಲಹಳ್ಳಿಯ ಲ್ಯಾಬಿನಲ್ಲಿ
ತೇವದ ಯಂತ್ರ ಕೆಟ್ಟಿತ್ತು. ಸೂಜಿಯ ತುದಿಯಿಂದ
ಅದು ನೆಗೆಯಿತು.
ಸ್ವೆಟರ್ ಕಳಚುವಾಗ ಚಟಪಟ ಅನ್ನುತ್ತದಲ್ಲ,
ಅಷ್ಟು ವಿದ್ಯುತ್ತು ಸಾಕಾಯಿತು.

ನಾನೂರೈವತ್ತು ಕೋಟಿ ವರ್ಷ ಹಿಮದಲ್ಲಿ ಮಲಗಿದ್ದದ್ದು,
ಧೂಮಕೇತುವಿನ ಬಾಲದಿಂದ ಉದುರಿ
ಹೆಪ್ಪುಗಟ್ಟಿದ ಹೊಗೆಯಂಥ ಗಾಜಿನ ಬಿಲ್ಲೆಗೆ
ಗುಂಡಿನಂತೆ ನುಗ್ಗಿ, ಕ್ಯಾರೆಟ್ಟಿನಾಕಾರದ ಸುರಂಗ ಕೊರೆದು
ಅದರ ಕೊನೆಯಲ್ಲಿ ಸುಮ್ಮನೆ ಕೂತಿದ್ದದ್ದು,
ಯಂತ್ರವೊಂದು ಒಂಟಿಯಾಗಿ ಏಳು ವರ್ಷ ಹೊತ್ತು
ಮರಳುಗಾಡಿಗೆ ಇಳಿಸಿದ್ದು,
ದೇವನಹಳ್ಳಿಯ ಕಸ್ಟಮ್ಸಿನಲ್ಲಿ 'ಮಾಲಿನ ಬೆಲೆ' ಎಂಬ ಖಾನೆ
ಖಾಲಿ ಬಿಟ್ಟು ಬಂದದ್ದು,
ನನ್ನ ಕೈಯಿಂದ, ಮಂಗಳವಾರ, ಮೂರೂ ಇಪ್ಪತ್ತಕ್ಕೆ.

ಬಣವೆಯಲ್ಲಿ ಸೂಜಿ ಹುಡುಕುವವರ ಪಾಡು ಬೇರೆ.
ನಮ್ಮ ಕೈಲಿ ಸೂಜಿಯಿತ್ತು.

ಬಾಗಿಲಿಗೆ ಚೀಟಿ ಅಂಟಿಸಿದೆವು: ಗುಡಿಸಬಾರದು, ಒರೆಸಬಾರದು.
ಗಂಗರತ್ನ ಅದನ್ನು ಎರಡು ಸಲ ಓದಿದಳು.
ಹನ್ನೊಂದು ವರ್ಷ ಇದೇ ಬಾಗಿಲಲ್ಲಿ
ಬಿಳಿ ಬಟ್ಟೆ ಎಳೆದು ನೋಡಿ, ಮಾಸಿದರೆ
ಕರೆದು ತೋರಿಸಿದವರು ನಾವೇ.
ಗೊರಗುಂಟೆಪಾಳ್ಯದವಳು. ಸಿಮೆಂಟು, ಡೀಸೆಲ್ಲು, ಫ್ಲೈಓವರಿನ ಪುಡಿ
ತಲೆಗೂದಲಲ್ಲಿ ಹೊತ್ತು ತಂದು
ಗಾಳಿಸ್ನಾನದ ಗೂಡಿನಲ್ಲಿ ನಿಂತು
ದಿನಾ ಬೆಂಗಳೂರನ್ನು ಕೊಡವಿ ಒಳಗೆ ಬರುವವಳು.

"ಯಾವ ಬಣ್ಣ ಮೇಡಂ?"
ಹಸಿರಿರಬಹುದು, ಅಂದೆ.
"ಗಾತ್ರ?"
ನಿನ್ನ ಒಂದು ಕೂದಲನ್ನು ಹತ್ತು ಸೀಳು ಮಾಡಿದರೆ, ಒಂದರ ದಪ್ಪ.
"ತೂಕ?"
ನಗು ಬಂತು. ನಗಲಿಲ್ಲ, ಉಸಿರಿಗೆ ಹಾರೀತು.

ಮೂರು ದಿನ ಮಂಡಿಯೂರಿದೆವು.
"ಮೇಲಿಂದ ಟಾರ್ಚ್ ಬಿಟ್ರೆ ಧೂಳು ಕಾಣಲ್ಲ,
ನೆಲಕ್ಕೆ ಒರಗಿಸಿ, ಪಕ್ಕದಿಂದ ಬಿಡಿ" ಅಂದಳು.
ಬಿಟ್ಟೆವು. ಎದ್ದವು ಸಾಲುಸಾಲು:
ಕೈಗವಸಿನ ನೂಲು, ಯಾರದೋ ಚರ್ಮದ ಹೊಟ್ಟು,
ಪೆನ್ಸಿಲಿನ ಹೊಳಪು. ನೆಲದುದ್ದಕ್ಕೂ
ಒಂದೊಂದಕ್ಕೂ ಒಂದೊಂದು ನೆರಳು, ಉದ್ದ,
ಒಂದೊಂದಕ್ಕೂ ಬಾಲ.

"ಕಣ್ಣಿಗೆ ಬಿತ್ತಾ?" ನಾನು.
"ಬಿದ್ದಿದ್ರೆ ಉಜ್ಕೊಳ್ತಿದ್ದೆ" ಅವಳು.

ಶುಕ್ರವಾರ ದಾಖಲೆ ಪುಸ್ತಕದಲ್ಲಿ ಬರೆದೆ:
ಕಣ ೧೪. ಕೊಠಡಿಯೊಳಗೆ ಇದೆ.
'ಕಳೆದಿದೆ' ಎಂದು ಬರೆಯಲು ಕೈ ಬರಲಿಲ್ಲ.

ಸಂಜೆ ಚೀಟಿ ಕಿತ್ತೆವು. ಗಂಗರತ್ನ ಮಾಪು ಹಿಂಡಿಕೊಂಡು
ಹೊಸಿಲಲ್ಲಿ ತುಸು ಹೊತ್ತು ನಿಂತಳು,
ಬೇರೆಯವರ ರಂಗೋಲಿ ಎದುರಾದಾಗ ಕಾಲು ತಡೆಯುವ ಹಾಗೆ.
ಆಮೇಲೆ ಮೂಲೆಯಿಂದ ಶುರು ಮಾಡಿದಳು.

ಬಕೆಟ್ಟಿನ ನೀರು ಎಲ್ಲಿ ಚೆಲ್ಲಿದೆ ಎಂದು ಕೇಳಲಿಲ್ಲ.
ಗೇಟಿನ ಪಕ್ಕ ಹೊಂಗೆಯ ಬುಡ ಒದ್ದೆಯಾಗಿತ್ತು.