ನೂರಕ್ಕೆ ಮೂರು ಪಾಲು

ಪೊನ್ನಂಪೇಟೆ. ಸೋಮವಾರ. ಮೂರನೇ ಪೀರಿಯಡ್ಡು.
ಕಂಪ್ಯೂಟರ್ ಮಿಸ್ಸಾದ ನನ್ನ ಕೈಗೆ
ಒಂದು ಪೆನ್‌ಡ್ರೈವು, ಸುತ್ತಿಕೊಂಡ ಕೇಬಲ್ಲು ಕೊಟ್ಟು
ಉತ್ತಯ್ಯ ಸಾರ್ ಅಂದರು: ಹಾಕಿ ಮಿಸ್,
ನಿನ್ನೆ ಸೋತದ್ದನ್ನು ಇವತ್ತು ದೊಡ್ಡದಾಗಿ ನೋಡಲಿ.

ಗೋಡೆಯ ಟಿ.ವಿ. ಹಳೆ ವಿದ್ಯಾರ್ಥಿಗಳ ದಾನ.
ದಾನಿಗಳ ಹೆಸರಿನ ಹಲಗೆ ಟಿ.ವಿ.ಗಿಂತ ತುಸುವೇ ಸಣ್ಣದು.
ಬೆಂಚಿನ ಮೇಲೆ ಹನ್ನೊಂದು ಹುಡುಗಿಯರು,
ಮೊಣಕಾಲುಗಳಲ್ಲಿ ಇನ್ನೂ ನೀಲಿ ಔಷಧಿ.

ಚಿತ್ರ ಬಂತು. ಪೂರ್ತಿ ಬರಲಿಲ್ಲ.
ಸ್ಟಾರ್ಟ್ ಬಟನ್ನು ಗೋಡೆಯೊಳಗೆ ಹೋಗಿತ್ತು,
ಮೂಲೆಯ ಗಡಿಯಾರಕ್ಕೆ ಗಂಟೆಯಿತ್ತು, ನಿಮಿಷವಿರಲಿಲ್ಲ,
ಫೋಲ್ಡರಿನ ಹೆಸರು 'ನ್ನಂಪೇಟೆ'.
ನ್ನಂಪೇಟೆ! ನ್ನಂಪೇಟೆ! ಹಿಂದಿನ ಬೆಂಚಿಗೆ ಅದೇ ಹಬ್ಬ.

ಇರಲಿ ಬಿಡಿ, ಆಟ ಕಂಡರೆ ಸಾಕು, ಎಂದರು ಸಾರ್.
ಆಟ ಕಂಡಿತು.
ಬೊಳ್ಳಮ್ಮನ ಮಾವ ಪಿಕಪ್ಪಿನ ನೆತ್ತಿ ಹತ್ತಿ
ಕದಲದೆ ಹಿಡಿದ ಇಡೀ ಮೈದಾನ,
ಹಿಂದೆ ಸಿಲ್ವರ್ ಓಕಿನ ಸಾಲು,
ನಡುವೆ ಚೆಂಡು, ಚೆಂಡಿನ ಹಿಂದೆ ಎಲ್ಲರೂ.
ಬಲಕ್ಕೆ ನಮ್ಮ ಗೋಲು ಇರಬೇಕಾದಲ್ಲಿ
ಟಿ.ವಿ.ಯ ಕಪ್ಪು ಪ್ಲಾಸ್ಟಿಕ್ಕು.

ಮೂರನೇ ಗೋಲು.
ಚೆಂಡು ಓಡಿ ಪ್ಲಾಸ್ಟಿಕ್ಕಿನೊಳಗೆ ಹೊಕ್ಕಿತು.
ಸೀಟಿ ಮಾತ್ರ ಹೊರಗೆ ಬಂತು.

ನೀನೆಲ್ಲಿದ್ದೆ ಜಸೀಲಾ?
(ನಿನ್ನೆ ಬಸ್ಸಿನಲ್ಲೂ ಇದನ್ನೇ ಕೇಳಿದ್ದರಂತೆ.)
ಅಲ್ಲೇ ಇದ್ದೆ ಸಾರ್.
ನೋಡಿ, ಇಲ್ಲವೇ ಇಲ್ಲ! ಕೂಗಿದವಳು ಡಯಾನಾ. ನಗು.
ಜಸೀಲಾ, ಅಣ್ಣನ ಹಳೆ ಪ್ಯಾಡು ಮಡಿಲಲ್ಲಿ,
ಬಕಲ್ಲು ಹಾಕಿದಳು, ಬಿಚ್ಚಿದಳು, ಹಾಕಿದಳು.

ನನಗೆ ಹಾಕಿ ಗೊತ್ತಿಲ್ಲ. ಹತ್ತು ನಿಮಿಷ ಕೊಡಿ, ಎಂದೆ.
ರೆಸಲ್ಯೂಶನ್ ಇಳಿಸಿದೆ: ಹುಡುಗಿಯರೆಲ್ಲ ಕಡಂಬುಟ್ಟು.
ಬೇರೊಂದು ಹಾಕಿದೆ: ಎಲ್ಲರೂ ನೂಲ್ಪುಟ್ಟಿನ ಎಳೆ.
ಲ್ಯಾಪ್‌ಟಾಪಿನ ತಪ್ಪಲ್ಲ ಇದು.
ರಿಮೋಟಿನ ಸೆಲ್ಲು ಬಿಚ್ಚಿ, ಸೀರೆಗೆ ಉಜ್ಜಿ, ಮತ್ತೆ ತುಂಬಿ
ಟಿ.ವಿ.ಯ ಹೊಟ್ಟೆಯೊಳಗೆ ಇಳಿದೆ.

ಹಿಂದೆ, ಡಬ್ಬಿ ಟಿ.ವಿ.ಗಳ ಕಾಲದಲ್ಲಿ
ಚಿತ್ರದ ಅಂಚು ನೆಟ್ಟಗೆ ನಿಲ್ಲುತ್ತಿರಲಿಲ್ಲ.
ಸೊಟ್ಟ ಕಾಣಬಾರದೆಂದು ನೂರಕ್ಕೆ ಮೂರು ಪಾಲು
ಸುತ್ತಲೂ ಚೌಕಟ್ಟಿನ ಹಿಂದೆ ಅಡಗಿಸಿಡುತ್ತಿದ್ದರು.
ಡಬ್ಬಿ ಗುಜರಿಗೆ ಹೋಯಿತು.
ಅಡಗಿಸುವ ಚಾಳಿ ಇನ್ನೂ ಹೋಗಿಲ್ಲ.

ಮೆನು. ಪಿಕ್ಚರ್. ಜೂಮ್ ಒಂದು, ಜೂಮ್ ಎರಡು, ಸಿನಿಮಾ,
ಕಟ್ಟಕಡೆಗೆ, ಯಾರೂ ಇಳಿಯದ ಸ್ಟಾಪಿನಂತೆ,
'ಜಸ್ಟ್ ಸ್ಕ್ಯಾನ್'.

ಚಿತ್ರ ಒಂದು ಹೆಜ್ಜೆ ಹಿಂದೆ ಸರಿದು ಕೂತಿತು.
ಗಡಿಯಾರಕ್ಕೆ ನಿಮಿಷ ಬಂತು, ಊರಿಗೆ 'ಪೊ' ಬಂತು,
ಬಲದಂಚಿಗೆ ಒಂದು ಬಿಳಿ ಕಂಬ, ಬಲೆ,
ಬಲೆಯ ಮುಂದೆ ಒಬ್ಬಳು ಹುಡುಗಿ.

ಚೆಂಡು ಆಚೆ ತುದಿಯಲ್ಲಿದ್ದಷ್ಟು ಹೊತ್ತು
ಅವಳು ಕುಂಟಾಬಿಲ್ಲೆಯಾಡುವವಳಂತೆ ಹಾರುತ್ತಾಳೆ,
ಕೋಲಿನಿಂದ ಆ ಕಂಬ ಮುಟ್ಟಿ ಈ ಕಂಬ ಮುಟ್ಟುತ್ತಾಳೆ,
ಎಲ್ಲಿಂದಲೋ ಬಂದ ಕಂದು ನಾಯಿಗೆ ಏನೋ ಬುದ್ಧಿ ಹೇಳಿ
ಗೆರೆಯ ಹೊರಗೆ ಕೂರಿಸುತ್ತಾಳೆ. ಅದು ಕೂರುತ್ತದೆ.
ಆಮೇಲೆ ಬಾಯಿಗೆ ಕೈ ಅಡ್ಡವಿಟ್ಟು ಕೂಗುತ್ತಾಳೆ,
ಎಡಕ್ಕೆ, ಎಡಕ್ಕೆ, ಎಂದಿರಬೇಕು.
ಯಾರೂ ತಿರುಗುವುದಿಲ್ಲ.

ಮೂವರು ನುಗ್ಗುತ್ತಾರೆ. ಇವಳು ಎರಡು ದಾಪುಗಾಲು ಮುಂದೆ ಬಂದು
ಉದ್ದಕ್ಕೆ ಬೀಳುತ್ತಾಳೆ, ಬಟ್ಟೆ ಒಣಹಾಕಿದ ಹಾಗೆ.
ಚೆಂಡು ಹೆಬ್ಬೆರಳಷ್ಟು ಆಚೆ.

ಸಾರ್ ಮೂರು ಸಲ ಹಿಂದಕ್ಕೆ ಓಡಿಸಿದರು.
ಮೂರನೇ ಸಲ ಅವರು ಅಂಚು ನೋಡುತ್ತಿರಲಿಲ್ಲ.
ನಟ್ಟನಡುವೆ ಡಯಾನಾ ಜಡೆ ಕಟ್ಟಿಕೊಳ್ಳುತ್ತ ನಡೆದು ಬರುತ್ತಿದ್ದಳು.
ಅದು ಮೊದಲಿಂದಲೂ ಕಾಣುತ್ತಲೇ ಇತ್ತು.

ಕ್ಷಮೆ ಗಿಮೆ ಸಾರ್‌ಗೆ ಬರುವುದಿಲ್ಲ.
ಆ ನಾಯಿ ಯಾರದು? ಎಂದರು.
ಗೊತ್ತಿಲ್ಲ ಸಾರ್, ಅದಾಗಿಯೇ ಬಂತು.

ಗಂಟೆ ಹೊಡೆಯಿತು.
ಟಿ.ವಿ.ಗೆ ಮರೆವು ಜಾಸ್ತಿ, ಚೀಟಿ ಬರೆದು ಅಂಟಿಸಿದೆ:
ಮೆನು, ಪಿಕ್ಚರ್, ಕೆಳಗೆ ಆರು ಸಲ, ಓಕೆ.
ಕೇಬಲ್ಲು ಸುತ್ತಿಕೊಡುವ ನೆಪದಲ್ಲಿ ಜಸೀಲಾ ನಿಂತಿದ್ದಳು.
ಮಿಸ್,
ನಾಯಿ ಕೂರುವುದನ್ನು ಇನ್ನೊಂದು ಸಲ ಹಾಕ್ತೀರಾ?