ಟೇಪಿನ ಇನ್ನೊಂದು ತುದಿ

ಆರು ಮನೆ, ಒಂದೇ ಮೆಟ್ಟಿಲು,
ಗೀರಿ ಬೀದಿಯಿಂದ ಎರಡು ತಿರುವು, ಸಮುದ್ರದ ಕಡೆಗೆ.
ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದಕ್ಕಿಂತ ಅಗ್ಗದ ಜಾಗ
ಸ್ಮಶಾನದಲ್ಲೂ ಸಿಗದು ಅಂದ ದಲ್ಲಾಳಿ ಡೆಸ್ಮಂಡ್.
ಅಂದಮೇಲೆ ಅವನಿಗೇ ನೆನಪಾಯಿತು:
ಈ ಊರಿನವರು ಸ್ಮಶಾನವನ್ನೇ ಅಗೆದು
ಪಕ್ಕದ ಊರಿಗೆ ಸಾಗಿಸಿದ್ದಾರೆ, ನೆಲ ತುಟ್ಟಿಯೆಂದು.

ಹತ್ತೊಂಬತ್ತು ವರ್ಷ ನಾನು ಬೇರೆಯವರ ಹಲ್ಲು ಮಾಡಿದೆ,
ಬಾಯಿ ನೋಡದೆ, ಬರೀ ಅಚ್ಚು ನೋಡಿ.
ಉಳಿಸಿದ್ದು, ಭಾವ ವರ್ತಾನ್ ಕೊಟ್ಟದ್ದು,
ಬ್ಯಾಂಕು ಮೂವತ್ತು ವರ್ಷಕ್ಕೆ ಕೊಟ್ಟದ್ದು,
ಎಲ್ಲ ಸೇರಿ ಒಂದು ಸಹಿಯಾಯಿತು.
ಸಹಿ ಹಾಕುವಾಗ ಕೈ ನಡುಗಲಿಲ್ಲ,
ಪಿಂಗಾಣಿ ಕೆತ್ತುವ ಕೈ ನಡುಗಬಾರದು.
ನಡುಗಿದ್ದು ಆಮೇಲೆ, ಕಾರಿನಲ್ಲಿ, ಮೊಣಕಾಲು.

ಆದರೆ ಅದಕ್ಕೂ ಮುಂಚಿನದು ಹೇಳಬೇಕು.
ಡೆಸ್ಮಂಡನ ಹಾಳೆಯಲ್ಲಿ ಬಾಡಿಗೆಯ ಆರು ಸಾಲು.
ಒಂದನೆಯ ಮನೆ ಮೂರು ಸಾವಿರದ ಆರುನೂರು,
ಉಳಿದವೂ ಅದರ ಆಜುಬಾಜು.
ನಾಲ್ಕನೆಯದು ಏಳುನೂರ ಹನ್ನೆರಡು.
ಅದರ ಪಕ್ಕ ಹಸಿರು ಶಾಯಿಯಲ್ಲಿ
ಮೇಲಕ್ಕೆ ನೋಡುವ ಒಂದು ಬಾಣ.
“ಕಾನೂನು ಏರಿಸಲು ಬಿಡಲ್ಲ. ಆದರೆ ಇಲ್ಲೇ ಇರೋದು ನಿಮ್ಮ ಲಾಭ,”
ದನಿ ತಗ್ಗಿಸಿದ, “ಆಕೆಗೆ ಎಂಬತ್ತಮೂರು.”

ಸ್ವಲ್ಪ ಹೊತ್ತು ನನಗೆ ಅರ್ಥವಾಗಲಿಲ್ಲ.
ಅರ್ಥವಾದ ಮೇಲೂ
ಚೌಕಾಸಿ ಮುಂದುವರಿಸಿದೆ.

ಕ್ಸೇನಿಯಾ ಪ್ಲಾತೊನೊವ್ನಾ. ಹುಟ್ಟಿದ್ದು ಹಾರ್ಬಿನ್ನಿನಲ್ಲಿ,
ದುಡಿದದ್ದು ಟೊಪ್ಪಿ ಅಂಗಡಿಯಲ್ಲಿ, ಆ ಅಂಗಡಿ ಈಗಿಲ್ಲ.
ನಾನು ತಟ್ಟುವ ಮೊದಲೇ ಬಾಗಿಲು ತೆರೆದಳು.
“ನೀನು ಐದನೆಯವಳು,” ಅಂದಳು.
“ಮೊದಲನೆಯವ ಲಿಫ್ಟ್ ಹಾಕಿಸ್ತೀನಿ ಅಂದ.
ಎರಡನೆಯವ ನಿನ್ನ ಓಡಿಸ್ತೀನಿ ಅಂದ.
ಇಬ್ಬರಿಗೂ ಹೂವಿಟ್ಟು ಬಂದಿದ್ದೇನೆ.
ದೂರ, ಎರಡು ಬಸ್ಸು ಬದಲಿಸಬೇಕು.”

ಅಳತೆಗೆಂದು ಬಂದಿದ್ದೆ. ಇನ್ಶೂರೆನ್ಸಿಗೆ ಎಂದು ಸುಳ್ಳು ಹೇಳಿದ್ದೆ.
ಟೇಪಿನ ತುದಿಯನ್ನು ಗೋಡೆಯ ಬುಡಕ್ಕೆ ಸಿಕ್ಕಿಸಿ
ಹಿಂದೆ ಸರಿದರೆ ಅದು ಜಾರುತ್ತದೆ,
ಮತ್ತೆ ಸಿಕ್ಕಿಸಿದರೆ ಮತ್ತೆ ಜಾರುತ್ತದೆ.
ಚಹಾದ ಲೋಟ ಕೆಳಗಿಟ್ಟು ಆಕೆ ಬಗ್ಗಿದಳು, ಉಸ್ಸೆನ್ನುತ್ತ,
ಹೆಬ್ಬೆರಳಿನಿಂದ ತುದಿಯನ್ನು ಒತ್ತಿ ಹಿಡಿದಳು.
“ಇನ್ನೊಂಚೂರು ಬಲಕ್ಕೆ. ಆ ಗೋಡೆ ಸೊಟ್ಟ,
ಭೂಕಂಪದ ವರ್ಷದಿಂದ.”

ಹನ್ನೊಂದು ಅಡಿ ನಾಲ್ಕು ಇಂಚು ಅಡುಗೆಮನೆ.
ನಾನು ಬರೆದುಕೊಂಡೆ. ಆಕೆ ಬೆರಳು ತೆಗೆಯಲಿಲ್ಲ.
“ಈ ಅಡ್ಡಗೋಡೆ ಒಡೆಸಿದರೆ
ಸಂಜೆಬಿಸಿಲು ಒಲೆಯ ತನಕ ಬರುತ್ತೆ.
ನಾನಿದ್ದಾಗ ಬೇಡ, ಧೂಳಾಗುತ್ತೆ.”
ಹೇಳಿ, ತುದಿಯನ್ನು ಬಿಟ್ಟಳು.
ಟೇಪು ನೆಲದುದ್ದ ಹರಿದು ಬಂದು
ನನ್ನ ಅಂಗೈಗೆ ಬಡಿಯಿತು.

ವರ್ಷವಾಯಿತು. ಕಂತು, ತೆರಿಗೆ, ಕೊಳಾಯಿ,
ಮೂರನೆಯ ಮನೆಯ ಹುಡುಗರ ಡ್ರಮ್ಮು.
ತಿಂಗಳ ಕೊನೆಗೆ ಕೂಡಿ ಕಳೆದರೆ ಕೈಗೆ ಉಳಿಯುವುದು
ಏಳುನೂರ ಹನ್ನೆರಡೇ ಅಂದರೆ ನೀವು ನಂಬುವುದಿಲ್ಲ.
ನಿಜಕ್ಕೂ ಅಷ್ಟೂ ಇಲ್ಲ.
ಆಕೆಯ ಚೆಕ್ಕು ಮಾತ್ರ ಎರಡು ದಿನ ಮುಂಚೆ ಬರುತ್ತದೆ,
ಶಾಲೆಯ ಮೇಷ್ಟ್ರು ಮೆಚ್ಚುವಂಥ ಅಕ್ಷರ.

ಫೆಬ್ರವರಿಯಲ್ಲಿ ಬಾಯ್ಲರ್ ಕೆಟ್ಟಿತು.
ರಾತ್ರಿಯೇ ಕಾರು ಹತ್ತಿ, ಮಂಜಿನೊಳಗೆ,
ಉಳಿದ ಐದು ಮನೆ ಬಿಟ್ಟು ಮೊದಲು ಅಲ್ಲಿಗೇ ಓಡಿದೆ.
ತಟ್ಟಿದೆ. ತಡವಾಯಿತು.
ಮತ್ತೆ ತಟ್ಟಿದೆ.
ಆ ಅರೆ ನಿಮಿಷ ನಾನೇನು ಬಯಸಿದೆನೆಂದು
ಯಾರೂ ಕೇಳಬೇಡಿ, ನಾನೂ ಕೇಳಿಕೊಂಡಿಲ್ಲ.

ಎರಡು ಕೋಟು ಮೇಲೊಂದು ಮೇಲೊಂದು ತೊಟ್ಟು
ಬಾಗಿಲಲ್ಲಿ ನಿಂತಳು ಕ್ಸೇನಿಯಾ ಪ್ಲಾತೊನೊವ್ನಾ.
ನನ್ನ ಖಾಲಿ ಕೈಗಳನ್ನು ನೋಡಿ ಕೇಳಿದಳು,
“ಟೇಪು ತಂದಿಲ್ಲವಾ?”