ನಿಮಿಷಕ್ಕೆ ಅರವತ್ತು

ಗುತ್ತಲು ರಸ್ತೆಯ ಮಹಡಿ ಕೋಣೆಯಲ್ಲಿ ನನ್ನ ನಾಲ್ಕಡಿ ಕಡಲು.
ಉಪ್ಪು ಚೀಲದಲ್ಲಿ ಬಂದದ್ದು, ಅಲೆ ಕರೆಂಟಿನದು,
ಹವಳ ಮಾತ್ರ ಜೀವದ್ದು.
ಅದಕ್ಕೆ ಸುಣ್ಣ ಬೇಕು, ದಿನಾ ಒಂದೇ ಹದ.
ಪಕ್ಕದ ಕೊಳವೆಯೊಳಗೆ ಗ್ಯಾಸು ಗುಳುಗುಳಿಸಿ
ಕಲ್ಲು ಕರಗಿ ಇಳಿಯಬೇಕು
ನಿಮಿಷಕ್ಕೆ ಅರವತ್ತು ಹನಿ.
ರಾತ್ರಿ ಅರವತ್ತಕ್ಕೆ ತಿರುಪಿ ಮಲಗಿದರೆ
ಬೆಳಗ್ಗೆ ಹನ್ನೊಂದು.
ಮೊನ್ನೆ, ಒಂದೂ ಇಲ್ಲ.

ಕೆಳಮನೆಯ ಸಣ್ಣಮರಿಯಪ್ಪ ಹತ್ತಿ ಬಂದರು,
ಮೂವತ್ತೊಂದು ವರ್ಷ ನಾಲೆಯ ನೀರುಗಂಟಿ.
ಕನ್ನಡಕ ಪಂಚೆಗೆ ಒರೆಸಿ, ಬಾಗಿ, ಬಾಳಾ ಹೊತ್ತು ನೋಡಿ
'ತೂಬು ಇಷ್ಟು ಹಿಂಡಿದ್ರೆ ಕಸ ಕೂರದೆ ಇನ್ನೇನ್ಲಾ?
ಮೇಲೊಂದು ಡಬ್ಬಿ ಕಟ್ಟು. ಕತ್ತಿಗೆ ತೂತು.
ಜಾಸ್ತಿ ಬಂದದ್ದು ಕೋಡಿ ಬೀಳ್ಲಿ,
ಮಟ್ಟ ಅಲ್ಲಾಡದೆ ಇದ್ರೆ
ಹನಿ ತಾನೇ ಲೆಕ್ಕ ಇಟ್ಕೊತದೆ.'

ತುಪ್ಪದ ಡಬ್ಬಿ ಕಟ್ಟಿದೆವು.
ಐವತ್ತೊಂಬತ್ತು. ಅರವತ್ತೊಂದು. ಸಾಕು.

ಈಗ ಅವರಿಗೂ ನಿದ್ದೆಯಿಲ್ಲ.
ಹನ್ನೊಂದೂವರೆಗೆ ಬ್ಯಾಟರಿ ಹಿಡಿದು ಬರುತ್ತಾರೆ
ಯಾರೋ ತೂಬು ಎತ್ತಿಬಿಟ್ಟಾರು ಎಂಬಂತೆ.
ತುಟಿಯಲ್ಲೇ ಎಣಿಸಿ,
ಗಾಜಿನ ಆಚೆ ಮೂಲೆಯ
ಉಗುರಿನಷ್ಟು ನೇರಳೆ ಹವಳಕ್ಕೆ ಬೆಳಕು ಬಿಟ್ಟು
ಕೇಳುತ್ತಾರೆ:
'ಕೊನೇ ಗದ್ದೆಗೆ ಮುಟ್ತಾ?'